ಮೈಕಿಗೊಂದು ಬದಲಿ, ಅಮ್ಮನಿಗಿಲ್ಲ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕಂಪನಿಗಳು ವಾರ್ಷಿಕೋತ್ಸವ ಮಾಡುತ್ತವೆ, ವಿತರಕರ ಸಮಾವೇಶ ನಡೆಸುತ್ತವೆ, ಹೊಸ ಸರಕನ್ನು ಮಾರುಕಟ್ಟೆಗೆ ಬಿಡುವಾಗ ಬೆಳಕು, ಸಂಗೀತ, ಹೊಗೆ ಎಲ್ಲವನ್ನೂ ಸೇರಿಸಿ ಒಂದು ಸಂಜೆಯನ್ನು ಏರ್ಪಡಿಸುತ್ತವೆ. ಅದನ್ನೆಲ್ಲ ಹೊಂದಿಸಿಕೊಡುವುದು ನನ್ನ ವೃತ್ತಿ. ನಮ್ಮ ನೆಂಟರು ಇದನ್ನು ಮದುವೆ ಕಂಟ್ರಾಕ್ಟ್ ಎಂದೇ ತಿಳಿದಿದ್ದಾರೆ. ನಾನು ತಿದ್ದಲು ಹೋಗಿಲ್ಲ. ಮದುವೆಯಲ್ಲಿ ಬೀಗರು ಮುನಿಸಿಕೊಂಡರೆ ಕಾಫಿ ಕೊಟ್ಟು ಸಮಾಧಾನ ಮಾಡಬಹುದು, ಇಲ್ಲಿ ಬಿಲ್ಲಿನಲ್ಲಿ ಹಣ ಮುರಿದುಕೊಳ್ಳುತ್ತಾರೆ. ವ್ಯತ್ಯಾಸ ಅಷ್ಟೇ.

ಈ ಕೆಲಸದ ಹೊತ್ತುಗೊತ್ತನ್ನು ಮೊದಲು ಹೇಳಿಬಿಡುತ್ತೇನೆ. ತುಮಕೂರು ರಸ್ತೆಯ ಮಾದಾವರದ ಪ್ರದರ್ಶನ ಕೇಂದ್ರವಾಗಲಿ, ಅರಮನೆ ಮೈದಾನವಾಗಲಿ, ದಿನದ ಲೆಕ್ಕದಲ್ಲಿ ಬಾಡಿಗೆ. ಹಿಂದಿನವರ ಕಾರ್ಯಕ್ರಮ ಮುಗಿದು ಅವರು ಗಂಟುಮೂಟೆ ಕಟ್ಟಿದ ಮೇಲೆ ಜಾಗ ನಮ್ಮ ಕೈಗೆ ಬರುತ್ತದೆ. ಜನಸಂಚಾರದ ಹೊತ್ತಿನಲ್ಲಿ ದೊಡ್ಡ ಲಾರಿಗಳನ್ನು ನಗರದೊಳಗೆ ಬಿಡುವುದಿಲ್ಲವಾದ್ದರಿಂದ ದೀಪಗಳನ್ನು ತೂಗುಹಾಕುವ ಕಬ್ಬಿಣದ ಚೌಕಟ್ಟು ಅಂದರೆ ಟ್ರಸ್, ಎಲ್‌ಇಡಿ ಪರದೆ, ಜನರೇಟರ್ ಎಲ್ಲವೂ ಬರುವುದು ಅಪರಾತ್ರಿಯಲ್ಲಿ. ಬೆಳಗಿನ ಜಾವದವರೆಗೆ ಕಟ್ಟುವುದು, ಬೆಳಿಗ್ಗೆ ಧ್ವನಿ ಪರೀಕ್ಷೆ, ಮಧ್ಯಾಹ್ನ ತಾಲೀಮು, ಸಂಜೆ ಕಾರ್ಯಕ್ರಮ. ಬಯಲು ಜಾಗವಾದರೆ 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ಅತಿಥಿಗಳು ಊಟ ಮುಗಿಸಿ ಹೊರಡುತ್ತಾರೆ, ನಮ್ಮವರು ಸುತ್ತಿಗೆ ಹಿಡಿದು ಬಿಚ್ಚಲು ನಿಲ್ಲುತ್ತಾರೆ.

ದಸರೆ ಕಳೆದ ಮೇಲೆ ಆರಂಭವಾಗುವ ಭರಾಟೆ ಫೆಬ್ರವರಿಯವರೆಗೆ ಇಳಿಯುವುದಿಲ್ಲ. ಶಾಲೆಗಳ ವಾರ್ಷಿಕೋತ್ಸವವೂ ಡಿಸೆಂಬರಿನಲ್ಲೇ ಬರುತ್ತದೆ. ಬೇರೆಯವರ ವಾರ್ಷಿಕೋತ್ಸವಕ್ಕೆ ಪರದೆ ಎಳೆಸುತ್ತಾ ನಿಂತಿರುವಾಗ ನನ್ನ ಮಗಳು ಇನ್ನೊಂದು ವೇದಿಕೆಯ ಮೇಲೆ ಕ್ಯಾರೆಟ್ ವೇಷ ಹಾಕಿಕೊಂಡು ನಿಂತಿರುತ್ತಾಳೆ.

ಕಾನೂನು ಏನು ಕೊಡುತ್ತದೆ ನೋಡೋಣ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಾಯಿತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ವಿರಾಮ ಮೊದಲಿನಿಂದಲೂ ಇತ್ತು. ಒಳ್ಳೆಯದೇ. ಆದರೆ ಈ ಕಾಯ್ದೆಯ ಕಣ್ಣ ಮುಂದೆ ಇದ್ದದ್ದು ಒಂದೇ ಕಟ್ಟಡದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಕುಳಿತು ದುಡಿಯುವ ಹೆಂಗಸು. ನಮ್ಮ ಕ್ಷೇತ್ರದ ಬಹಳಷ್ಟು ಸಂಸ್ಥೆಗಳಲ್ಲಿ ಕಾಯಂ ನೌಕರರು ಹತ್ತು ಹದಿನೈದು ಮಂದಿ. ಅಲ್ಲಿಗೆ ಶಿಶುಪಾಲನಾ ಕೇಂದ್ರದ ಮಾತು ಮುಗಿಯಿತು. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬರುವ ಕಡಿಮೆ ಸಂಬಳದವರನ್ನು ಬಿಟ್ಟರೆ ರಜೆಯ ಸಂಬಳವನ್ನು ಪೂರ್ತಿ ಮಾಲೀಕರೇ ಕೊಡಬೇಕು. ಹಾಗಾಗಿ ಸಣ್ಣ ಸಂಸ್ಥೆಯ ಮಾಲೀಕರು ಸಂದರ್ಶನದಲ್ಲಿಯೇ ‘ಮದುವೆ ಯಾವಾಗ ಅಮ್ಮಾ?’ ಎಂದು ಅಕ್ಕರೆಯಿಂದ ವಿಚಾರಿಸಿಕೊಳ್ಳುತ್ತಾರೆ. ಹೆಂಗಸರ ಅಚ್ಚುಕಟ್ಟು ಬೇಕು, ಹೆರಿಗೆ ಮಾತ್ರ ಬೇಡ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ಇನ್ನು ಒಂದೊಂದು ಕಾರ್ಯಕ್ರಮಕ್ಕೆ ದಿನಗೂಲಿಯಂತೆ ಬರುವ ಸ್ವತಂತ್ರ ನೌಕರರಿದ್ದಾರೆ. ನಿರೂಪಕಿಯರು, ನೋಂದಣಿ ಮೇಜಿನಲ್ಲಿ ನಿಲ್ಲುವ ಹುಡುಗಿಯರು, ವಸ್ತ್ರವಿನ್ಯಾಸ ನೋಡಿಕೊಳ್ಳುವವರು. ಅವರಿಗೆ ಈ 26 ವಾರದಲ್ಲಿ ಒಂದು ದಿನವೂ ಇಲ್ಲ. ರಾತ್ರಿ ಸಭಾಂಗಣ ಗುಡಿಸುವ ಹೆಂಗಸಿನ ಮಗು ಕಾರ್ಪೆಟ್ ಸುರುಳಿಗಳ ಸಂದಿಯಲ್ಲಿ ಮಲಗಿರುತ್ತದೆ. ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ, ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು 2023ರಲ್ಲಿ ಘೋಷಿಸಿತು. ಹಳ್ಳಿಯ ಕೆರೆ ಹೂಳೆತ್ತುವ ಹೆಂಗಸಿನ ಬಗ್ಗೆ ಅಷ್ಟು ಯೋಚನೆ ಬಂತಲ್ಲ, ಸಂತೋಷ. ಲಕ್ಷಗಟ್ಟಲೆ ಬಾಡಿಗೆ ಎಣಿಸಿಕೊಳ್ಳುವ ಸಭಾಂಗಣಗಳಿಗೆ ಒಂದು ಕೋಣೆ ಹೊಳೆಯಬಾರದೇ?

ಕೆಲಸಕ್ಕೆ ಮರಳಿದ ಮೊದಲ ತಿಂಗಳುಗಳಲ್ಲಿ ಎದೆಹಾಲನ್ನು ತೆಗೆದಿಡುವುದೇ ಒಂದು ಪ್ರತ್ಯೇಕ ಕಾರ್ಯಕ್ರಮ. ಕಲಾವಿದರ ಅಲಂಕಾರದ ಕೋಣೆಯಲ್ಲಿ ನಿರೂಪಕಿಯ ಸೀರೆ, ಇಸ್ತ್ರಿಪೆಟ್ಟಿಗೆ, ನೃತ್ಯ ತಂಡದ ಗೆಜ್ಜೆಗಳ ರಾಶಿ. ಬಾಗಿಲಿಗೆ ಚಿಲಕ ಇರುವುದಿಲ್ಲ, ಕುರ್ಚಿಯೊಂದನ್ನು ಅಡ್ಡ ಇಡಬೇಕು. ಪಂಪ್ ಹಚ್ಚಿಕೊಂಡು ಕುಳಿತ ಹೊತ್ತಿಗೇ ಕಿವಿಯಲ್ಲಿ ವಾಕಿಟಾಕಿ: ‘ಮೇಡಂ, ಎಂಡಿ ಅವರ ಕಾರು ಗೇಟಿಗೆ ಬಂತು.’ ಉತ್ತರಿಸಲು ಗುಂಡಿ ಒತ್ತುವ ಮುನ್ನ ಪಂಪ್ ಆರಿಸಬೇಕು, ಇಲ್ಲದಿದ್ದರೆ ಅದರ ಗೊರಗೊರ ಸದ್ದು ಮೂವತ್ತು ಜನರ ಕಿವಿಗೆ ಹೋಗುತ್ತದೆ. ತೆಗೆದ ಹಾಲು ಕೋಣೆಯ ಉಷ್ಣಾಂಶ 25 ಡಿಗ್ರಿ ಮೀರದಿದ್ದರೆ 4 ಗಂಟೆ ಕೆಡುವುದಿಲ್ಲ, ಮಂಜಿನ ಪೊಟ್ಟಣಗಳಿರುವ ಚೀಲದಲ್ಲಿ ಒಂದು ದಿನ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ವೇದಿಕೆಯ ದೀಪಗಳ ಪಕ್ಕದಲ್ಲಿ 25 ಡಿಗ್ರಿ ಎಲ್ಲಿಂದ ಬರಬೇಕು? ಅಡುಗೆಯವರ ಐಸ್ ಪೆಟ್ಟಿಗೆಯಲ್ಲಿ ನನ್ನ ಚೀಲಕ್ಕೆ ಜಾಗ ಕೇಳಿದೆ. ಪೆಟ್ಟಿಗೆ ಕಾಯುತ್ತಿದ್ದ ಹುಡುಗ ‘ಅಕ್ಕಾ, ಇದು ಯಾರಿಗೆ?’ ಎಂದ. ‘ಮುಖ್ಯ ಅತಿಥಿಗೆ’ ಎಂದೆ. ರಾತ್ರಿಯವರೆಗೂ ಯಾರಿಗೂ ಅದನ್ನು ಮುಟ್ಟಲು ಬಿಡಲಿಲ್ಲ, ಪುಣ್ಯಾತ್ಮ.

ಇಷ್ಟೆಲ್ಲ ಹೇಳಿದ್ದು ಒಂದು ವಿಷಯಕ್ಕಾಗಿ. ನಮ್ಮ ಕಸುಬಿನಲ್ಲಿ ಒಂಟಿಯಾಗಿ ಯಾವುದನ್ನೂ ನಂಬುವುದಿಲ್ಲ. ಮೈಕು ಎರಡು. ಲ್ಯಾಪ್‌ಟಾಪ್ ಎರಡು, ಎರಡರಲ್ಲೂ ಅದೇ ಚಿತ್ರಗಳು. ಜನರೇಟರ್ ಒಂದು ಓಡುತ್ತಿದ್ದರೆ ಇನ್ನೊಂದು ಸುಮ್ಮನೆ ನಿಂತಿರುತ್ತದೆ, ಅದಕ್ಕೂ ಬಾಡಿಗೆ ಕೊಡುತ್ತೇವೆ. ಹಾಗೆ ನಿಂತಿರುವುದನ್ನು ಯಾರೂ ದಂಡ ಎನ್ನುವುದಿಲ್ಲ. ಆದರೆ ಇಡೀ ಕಾರ್ಯಕ್ರಮದ ನಿಮಿಷ ನಿಮಿಷದ ಪಟ್ಟಿಯನ್ನು ತಲೆಯಲ್ಲಿಟ್ಟುಕೊಂಡು ನಡೆಸುವವಳು ಒಬ್ಬಳೇ. ಅವಳ ಮಗುವಿಗೆ 102 ಡಿಗ್ರಿ ಜ್ವರ ಬಂದರೆ ಏನು ಎಂಬ ಪ್ರಶ್ನೆ ಯಾವ ಪೂರ್ವಸಿದ್ಧತೆಯ ಸಭೆಯಲ್ಲೂ ಏಳುವುದಿಲ್ಲ. ಮಳೆ ಬಂದರೆ, ಕರೆಂಟು ಹೋದರೆ, ಮಂತ್ರಿಗಳು ಬರದಿದ್ದರೆ ಎಂಬುದಕ್ಕೆಲ್ಲ ಉತ್ತರ ಸಿದ್ಧವಿರುತ್ತದೆ. ಆ ಹೆಂಗಸು ಅಂಥ ಹೊತ್ತಿನಲ್ಲಿ ಹೇಗೋ ನಿಭಾಯಿಸಿದರೆ ಚಪ್ಪಾಳೆ ತಟ್ಟುತ್ತಾರೆ, ಮಹಿಳಾ ದಿನಾಚರಣೆಗೆ ಕರೆದು ಶಾಲು ಹೊದಿಸುತ್ತಾರೆ. ಈ ಶಾಲಿನ ಬಗ್ಗೆ ನನಗೆ ಸ್ವಲ್ಪವೂ ಗೌರವವಿಲ್ಲ.

ಮನೆಯಲ್ಲಿಯೂ ಇದೇ ಕಥೆ. ತವರಿನಲ್ಲಿ ಬಾಣಂತನ ಮುಗಿದ ಮೇಲೆ ಅಮ್ಮನೋ ಅತ್ತೆಯವರೋ ಬಂದಿರುತ್ತಾರೆ, ಅವರ ಮೊಣಕಾಲಿನ ಬಲ ಇರುವಷ್ಟು ದಿನ ನಮ್ಮ ವೃತ್ತಿ. ಗಂಡಂದಿರು ಈಗ ಕೈಜೋಡಿಸುತ್ತಾರೆ, ಇಲ್ಲವೆನ್ನಲಾರೆ. ಆದರೆ ನಮ್ಮ ಕಸುಬಿನಲ್ಲಿ ಎರಡು ಬಗೆಯ ಜನರಿದ್ದಾರೆ: ಹೇಳಿದ್ದನ್ನು ತಂದುಕೊಡುವ ಸರಬರಾಜುದಾರರು, ಒಂದು ವಿಭಾಗದ ಹೊಣೆಯನ್ನು ಪೂರ್ತಿ ಹೊತ್ತವರು. ‘ಏನು ಮಾಡಲಿ ಹೇಳು’ ಎಂದು ಕೇಳುವ ಗಂಡ ಮೊದಲನೆಯ ಬಗೆ. ನಮ್ಮ ಮನೆಯಲ್ಲಿ ಲಸಿಕೆಯ ವಿಭಾಗವನ್ನೇ ಅವರಿಗೆ ಬಿಟ್ಟುಕೊಟ್ಟೆ. 6, 10, 14 ವಾರಗಳ ಚುಚ್ಚುಮದ್ದು, 9 ತಿಂಗಳು ತುಂಬಿದ ಮೇಲಿನ ದಡಾರ-ರುಬೆಲ್ಲಾ, ಆ ರಾತ್ರಿಯ ಜ್ವರ, ತಾಯಿ ಕಾರ್ಡು ಎಲ್ಲಿದೆ ಎಂಬ ನೆನಪು, ಎಲ್ಲ ಅವರದೇ. ಮೊದಮೊದಲು ಫೋನು ಮಾಡುತ್ತಿದ್ದರು, ನಾನು ಎತ್ತುತ್ತಿರಲಿಲ್ಲ. ಸಭಾಂಗಣದಲ್ಲಿ ಸಿಗ್ನಲ್ ಸಿಗುವುದು ಕಷ್ಟ, ಅದೊಂದು ಅನುಕೂಲ. ಖಾಸಗಿ ನೌಕರಿಯಲ್ಲಿರುವ ತಂದೆಗೆ ಕಾನೂನಿನಲ್ಲಿ ಒಂದು ದಿನದ ಪಿತೃತ್ವ ರಜೆಯೂ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಉಂಟು.

ಈಗ ನಾನು ಕೊಟೇಶನ್ ಬರೆಯುವಾಗ ಒಂದು ಸಾಲು ಸೇರಿಸುತ್ತೇನೆ: ‘ಕಾರ್ಯಕ್ರಮ ನಿರ್ವಾಹಕರು, ಇಬ್ಬರು.’ ಕಟ್ಟುವ ರಾತ್ರಿ ಒಬ್ಬರದು, ನಡೆಸುವ ಸಂಜೆ ಇನ್ನೊಬ್ಬರದು, ಪಟ್ಟಿ ಇಬ್ಬರ ಬಳಿಯೂ. ಇಬ್ಬರಲ್ಲಿ ಯಾರ ಮಗುವಿಗೆ ಕೆಮ್ಮು ಬಂದರೂ ಕಾರ್ಯಕ್ರಮ ನಿಲ್ಲುವುದಿಲ್ಲ. ಗ್ರಾಹಕ ಕಂಪನಿಯ ಲೆಕ್ಕಪತ್ರ ವಿಭಾಗದವರು ಮೊದಲು ಕೈ ಹಾಕುತ್ತಿದ್ದುದು ಆ ಸಾಲಿಗೇ. ಹತ್ತು ಸೆಕೆಂಡು ಹಾರುವ ಬಣ್ಣದ ಕಾಗದದ ಚೂರಿಗೆ ಕೊಡುವ ಹಣವನ್ನು ಅವರು ಮರುಮಾತಿಲ್ಲದೆ ಒಪ್ಪುತ್ತಾರೆ. ಚೌಕಾಸಿಗೆ ಕುಳಿತವರು ಪಟ್ಟಿಯ ಕೆಳಗಿನಿಂದ ಹೊಡೆದುಹಾಕುತ್ತಾ ಬರುತ್ತಾರೆ ಎಂಬುದನ್ನು ಗಮನಿಸಿಕೊಂಡು ಆ ಸಾಲನ್ನು ಈಗ ಎಲ್ಲಕ್ಕಿಂತ ಮೇಲೆ, ಜನರೇಟರ್ ಪಕ್ಕದಲ್ಲಿ ಬರೆಯುತ್ತೇನೆ. ಅಲ್ಲಿಗೆ ಬರುವಷ್ಟರಲ್ಲಿ ಅವರಿಗೆ ಊಟದ ಹೊತ್ತಾಗಿರುತ್ತದೆ.

ನಮಸ್ಕಾರ.