ಅಂಬಾಸಿಡರ್ ಬ್ಯಾಟರಿ ಡೌನ್ ಆಗ್ತಿದೆಯಾ? ಆಲ್ಟರ್ನೇಟರ್ ಬಿಚ್ಚುವ ಮೊದಲು ಈ ಬಲ್ಬ್ ನೋಡಿ

[ಶೆಡ್, ಬೆಳಗ್ಗೆ. ಕೀ ತಿರುಗಿಸಿದರೆ 'ಟಕ್' ಶಬ್ದ ಮಾತ್ರ]

ಕೇಳಿಸ್ತಾ? ಬರೀ ಟಕ್. ನಮ್ಮ 1978ರ ಮಾರ್ಕ್ 3 ಅಂಬಾಸಿಡರ್ ಒಂದು ವಾರ ಹೀಗೇ ಕಾಡಿತು. ಬ್ಯಾಟರಿ ನೋಡಿದರೆ ಹೊಸದು.

ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತರು. ಎಂಜಿನ್ ನಿಂತಿತು. "ಆಲ್ಟರ್ನೇಟರ್ ಹೋಗಿದೆ ಸಾರ್" ಅಂದರು. ಅಂದರೆ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ದಯವಿಟ್ಟು ಹೀಗೆ ಮಾಡಬೇಡಿ. ಇದು ಡೈನಮೊ, ಅಂದರೆ ಆಲ್ಟರ್ನೇಟರ್‌ಗಿಂತ ಹಳೇ ಚಾರ್ಜಿಂಗ್ ಯಂತ್ರದ ಕಾಲದ ಅಭ್ಯಾಸ. ಆಲ್ಟರ್ನೇಟರ್‌ನಲ್ಲಿ ವೋಲ್ಟೇಜ್ ಏಕ್‌ದಂ ಏರಿ, ಒಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಸುಟ್ಟುಹೋಗಬಹುದು. ನಮ್ಮ ಕಾರಿನಲ್ಲಿದ್ದ ಡೈನಮೊ ತೆಗೆದು, ಹಿಂದಿನ ಮಾಲೀಕರು ಆಲ್ಟರ್ನೇಟರ್ ಹಾಕಿಸಿದ್ದರು.

[ಫ್ಯಾನ್ ಬೆಲ್ಟ್]

ಮೊದಲು ಬೆಲ್ಟ್. ಹೆಬ್ಬೆರಳಲ್ಲಿ ಒತ್ತಿ. ಸುಮಾರು ಅರ್ಧ ಇಂಚು ಬಾಗಿದರೆ ಸರಿ. ಇದು ಸರಿ ಇದೆ.

[ಮಲ್ಟಿಮೀಟರ್, ಹತ್ತಿರದಿಂದ]

ಈಗ ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಬ್ಯಾಟರಿ ಟರ್ಮಿನಲ್‌ಗಳಿಗೆ ಹಿಡಿಯಿರಿ. ಎಂಜಿನ್ ಆಫ್ ಇದ್ದಾಗ ಚಾರ್ಜ್ ಆದ ಬ್ಯಾಟರಿ 12.6 ತೋರಿಸುತ್ತದೆ. ಎಂಜಿನ್ ಓಡುವಾಗ 13.8ರಿಂದ 14.4 ಬರಬೇಕು. 15 ದಾಟಿದರೆ, ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ.

ನಮ್ಮದು 12.3. ಚಾರ್ಜೇ ಇಲ್ಲ! ಆದರೆ ಆಕ್ಸಿಲರೇಟರ್ ಜೋರಾಗಿ ಒತ್ತಿದೆ ನೋಡಿ, 14.1ಕ್ಕೆ ಹಾರಿತು. ಕಾಲು ತೆಗೆದರೂ ಇಳಿಯಲಿಲ್ಲ. ಸತ್ತ ಆಲ್ಟರ್ನೇಟರ್ ಹೀಗೆ ಎದ್ದು ಕೂರುತ್ತಾ?

[ಡ್ಯಾಶ್‌ಬೋರ್ಡ್]

ಚಾರ್ಜಿಂಗ್ ತೋರಿಸುವ ಈ ಕೆಂಪು ದೀಪ ಸುಮ್ನೆ ಎಚ್ಚರಿಕೆಗೆ ಅಂದುಕೊಂಡಿದ್ದೀರಾ? ಆಲ್ಟರ್ನೇಟರ್ ಕೆಲಸ ಶುರು ಮಾಡಬೇಕಾದರೆ ಒಳಗೆ ತಿರುಗುವ ಭಾಗ, ರೋಟರ್, ಅಯಸ್ಕಾಂತ ಆಗಬೇಕು. ಅದಕ್ಕೆ ಬೇಕಾದ ಚೂರು ಕರೆಂಟ್ ಹೋಗುವುದು ಈ ಬಲ್ಬ್ ಮೂಲಕವೇ. ಕೀ ಆನ್ ಮಾಡಿದಾಗ ದೀಪ ಹತ್ತದಿದ್ದರೆ ಬಲ್ಬ್, ವೈರ್, ರೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ನೋಡಿ.

ನಮ್ಮದು ಹತ್ತುತ್ತಿತ್ತು. ಮೋಸ ಹೋಗಿದ್ದೇ ಅಲ್ಲಿ. ಹೋಲ್ಡರ್ ಎಳೆದರೆ, ಒಳಗೆ ಎಲ್‌ಇಡಿ! ಚಂದ ಕಾಣಲಿ ಅಂತ ಯಾರೋ ಹಾಕಿದ್ದಾರೆ. ಅದರಲ್ಲಿ ಹರಿಯುವ ಕರೆಂಟ್ ರೋಟರ್‌ಗೆ ಸಾಲಲ್ಲ. ಎಂಜಿನ್ ಒಮ್ಮೆ ಜೋರಾಗಿ ತಿರುಗಿದರೆ ಮಾತ್ರ ಚಾರ್ಜಿಂಗ್ ಶುರು. ನಾನೋ, ಊರೊಳಗೆ ತರಕಾರಿ ತರಲು ನಿಧಾನಕ್ಕೆ ಓಡಿಸುವವನು.

2.2 ವ್ಯಾಟ್‌ನ ಹಳೇ ಮಾದರಿ ಬಲ್ಬ್ ಹಾಕಿದೆ. ಸ್ಟಾರ್ಟ್ ಮಾಡಿದೆ. ಆಕ್ಸಿಲರೇಟರ್ ಮುಟ್ಟಿಲ್ಲ. 14.1!

ಒಂದು ಭಯ ಉಳಿದಿತ್ತು. ಆ ಟರ್ಮಿನಲ್ ಕಿತ್ತಾಗ ಡಯೋಡ್ ಸುಟ್ಟಿತಾ? ಹೆಡ್‌ಲೈಟ್ ಹಾಕಿ, ಮೀಟರನ್ನು ಎಸಿಗೆ ತಿರುಗಿಸಿ, ಬ್ಯಾಟರಿ ಮೇಲೆ ಇಟ್ಟೆ. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ ಅಂತ ಲೆಕ್ಕ.

[ಮೀಟರ್: 0.04]

ಅಬ್ಬಾ.