ದಾಳ ಹಾಕಿದ ಮಾತ್ರಕ್ಕೆ ಥೆರಪಿ ಆಗುವುದಿಲ್ಲ

ನಮಸ್ಕಾರ. ತಾಳಮದ್ದಳೆ ಕೇಳಿ ಬೆಳೆದ ಮಂಗಳೂರು, ಉಡುಪಿಯವರಿಗೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಅಂದರೇನು ಅಂತ ಹೇಳುವುದು ಬಹಳ ಸುಲಭ. ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಒಬ್ಬರು ಕೃಷ್ಣ, ಇನ್ನೊಬ್ಬರು ಕರ್ಣ. ಬರೆದಿಟ್ಟ ಮಾತಿಲ್ಲ, ಹೊಳೆದದ್ದನ್ನೇ ಆಡಬೇಕು. ಈ ಆಟವೂ ಹಾಗೇ. ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್ ಕೂತು ಕಥೆ ನಡೆಸುತ್ತಾರೆ. ಆದರೆ ಪ್ರಸಂಗದಲ್ಲಿ ಕರ್ಣ ಸಾಯುವುದು ಮೊದಲೇ ಗೊತ್ತು. ಇಲ್ಲಿ ಅದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಬೆಳೆದ ಆಟಗಳಿವು.

ಈಗ ಆಟಿಸಂ (ಜನರೊಡನೆ ಬೆರೆಯುವ, ಮಾತಾಡುವ ರೀತಿಯೇ ಬೇರೆ), ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ ಚಡಪಡಿಕೆ) ಇರುವವರಿಗೆ ಥೆರಪಿಯಾಗಿ ಇದನ್ನು ಆಡಿಸುವವರಿದ್ದಾರೆ. ಅಮೆರಿಕದ ಗೇಮ್ ಟು ಗ್ರೋ ಎಂಬ ಸಂಸ್ಥೆ ಇದನ್ನೇ ಕೆಲಸ ಮಾಡಿಕೊಂಡಿದೆ. ಒಳ್ಳೆಯದೇ. ನನ್ನ ತಕರಾರು ಬೇರೆ. ಮೊದಲು ಅದು ಆಟವಾಗಿರಲಿ, ಮತ್ತೆ ಥೆರಪಿ. ನಮ್ಮಲ್ಲಿ ಉಲ್ಟಾ ಆಗುತ್ತಿದೆ.

ಈ ಆಟ ಇವರಿಗೆ ಯಾಕೆ ಹಿಡಿಸುತ್ತದೆ? ಮದುವೆ ಹಾಲ್‌ನಲ್ಲಿ ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಈ ಟೇಬಲ್‌ನಲ್ಲಿ ಸರದಿ ಉಂಟು, ನಿಯಮ ಉಂಟು, ಎಲ್ಲ ಹಾಳೆಯ ಮೇಲೆ. ಸೋತರೆ ತಪ್ಪು ದಾಳದ್ದು. ಮತ್ತೆ, 'ನಾನು ಹೆದರಿದೆ' ಅನ್ನಲು ಆಗದ ಹುಡುಗ 'ನನ್ನ ಮಂತ್ರವಾದಿ ಹೆದರಿದ' ಅಂತ ಸಲೀಸಾಗಿ ಹೇಳಿಬಿಡುತ್ತಾನೆ.

ಆದರೆ ಆಡಿಸುವುದು ಸುಲಭ ಅಲ್ಲ, ಸಣ್ಣ ಸಣ್ಣ ವಿಷಯಗಳಲ್ಲೇ ಕೆಡುತ್ತದೆ. ಬರಿ ಮೇಜಿನ ಮೇಲೆ ದಾಳ ಬಿದ್ದರೆ ಆಗುವ ಸದ್ದು ಕೆಲವರಿಗೆ ತಡೆಯಲಾಗದು. ದಾಳ ಹಾಕುವ ಟ್ರೇಗೆ ಹಳೆ ಬೈರಾಸು (ಟವೆಲು) ಹಾಸಿದರೆ ಮುಗಿಯಿತು. ಜುಲೈ ಮಳೆಯಲ್ಲಿ ಶೀಟಿನ ಮಾಡಿನಡಿ ಆಡಿಸಲು ಹೋಗಬೇಡಿ, ಆ ಗಲಾಟೆಯಲ್ಲಿ ನನಗೇ ತಲೆ ಓಡುವುದಿಲ್ಲ. ಎಂಟು ಜನ ಕೂತರೆ ಎಡಿಎಚ್‌ಡಿ ಇರುವವರು ಸರದಿ ಕಾದು ಕಾದು ಎದ್ದು ಹೋಗುತ್ತಾರೆ, ನಾಲ್ಕು ಜನ ಸಾಕು. 'ಈಗ ಏನು ಮಾಡ್ತೀ?' ಅಂತ ಕೇಳಿದ ಕೂಡಲೇ ಕೆಲವರು ಕಲ್ಲಾಗುತ್ತಾರೆ. 'ಬಾಗಿಲು ತೆಗೀತೀಯಾ, ಕಿವಿ ಕೊಟ್ಟು ಕೇಳ್ತೀಯಾ, ವಾಪಸ್ ಹೋಗ್ತೀಯಾ?' ಅಂತ ಕೇಳಿ ನೋಡಿ. ಉತ್ತರ ಬರುತ್ತದೆ. ಕೆಲವೊಮ್ಮೆ ನೀವು ಕೊಡದ ನಾಲ್ಕನೆಯ ಉತ್ತರವೇ ಬರುತ್ತದೆ, ಆಗ ನಿಮ್ಮ ಕಥೆಯ ಗತಿ ದೇವರಿಗೇ ಗೊತ್ತು!

ಮುಂದೆ ರಕ್ತ, ಸಾವು, ಕತ್ತಲೆ ಕೋಣೆ ಬರುತ್ತದೆಯಾ? ಆಟಕ್ಕೆ ಮೊದಲೇ ಹೇಳಿ. ಇದಕ್ಕೇ ಒಂದು ದಿನ ಇಟ್ಟು, ಸೆಷನ್ ಝೀರೋ ಅನ್ನುತ್ತಾರೆ. ಮೇಜಿನ ಮಧ್ಯೆ ಎಕ್ಸ್ ಬರೆದ ಕಾರ್ಡ್ ಇಟ್ಟಿರಿ. ಯಾರು ಮುಟ್ಟಿದರೂ ಆ ಸಂಗತಿ ಅಲ್ಲಿಗೇ ಬಿಟ್ಟಾಯಿತು. ಯಾಕೆ ಅಂತ ಕೇಳುವ ಹಾಗಿಲ್ಲ.

ಈಗ ಅಪ್ಪ ಅಮ್ಮಂದಿರ ವಿಷಯ. ಕರಕೊಂಡು ಹೋಗಲು ಬಂದವರ ಮೊದಲ ಪ್ರಶ್ನೆ: 'ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದನಾ?' ಇಲ್ಲ ಮಾರಾಯ್ರೆ, ಮೇಜಿನ ಕೆಳಗೆ ಕೂತು ಆಡಿದ, ಪಾತಾಳದ ಬಾಗಿಲು ತೆಗೆದದ್ದೂ ಅವನೇ! 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಸಂಶೋಧಕ, ಅವರೂ ಆಟಿಸ್ಟಿಕ್, ಒಂದು ಮಾತು ಹೇಳಿದರು. ಆಟಿಸ್ಟಿಕ್ ಜನ ಮತ್ತು ಉಳಿದವರ ನಡುವೆ ಅರ್ಥವಾಗದೆ ಹೋಗುವುದು ಎರಡೂ ಕಡೆಯಿಂದ ಅಂತ. ಹಾಗಿರುವಾಗ ಒಂದೇ ಕಡೆಯವರನ್ನು ತಿದ್ದಲು ಈ ಆಟ ಬಳಸುವುದು ಯಾವ ನ್ಯಾಯ? ಆಟ ಪರೀಕ್ಷೆಯಾದ ದಿನ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಮತ್ತೆ ಬರುವುದಿಲ್ಲ, ಬಂದರೂ ನಟಿಸುತ್ತಾರೆ. ಆ ನಟನೆಯನ್ನು ಅವರು ಶಾಲೆಯಲ್ಲಿ ದಿನಾ ಮಾಡಿ ಸುಸ್ತಾಗಿಯೇ ಬಂದಿರುತ್ತಾರೆ ಅಲ್ವಾ?

ಥೆರಪಿ ಬೇಡ ಅನ್ನುತ್ತಿಲ್ಲ. ಕಲಿತವರು ಮಾಡಲಿ. ನನ್ನ ಹಾಗೆ ಗೇಮ್ ಮಾಸ್ಟರ್ ಆಗಿರುವವನಿಗೆ ಕಥೆ ಹೇಳಲು ಬರುತ್ತದೆ, ಮಗು ಕುಸಿದಾಗ ಹಿಡಿದೆತ್ತುವ ತರಬೇತಿ ಇಲ್ಲ. ಹಾಗಾಗಿ ಯಾರಾದರೂ ಥೆರಪಿ ಅಂತ ಬೋರ್ಡ್ ಹಾಕಿ ಫೀಸ್ ಹೇಳಿದರೆ ಮೂರು ಮಾತು ಕೇಳಿ. ನಿಮ್ಮ ತರಬೇತಿ ಏನು? ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ, ಅಂಥವರನ್ನು ನೋಂದಾಯಿಸುವ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ತೋರಿಸುತ್ತೀರಾ? ನಮ್ಮ ಮಗುವಿಗೆ ಅಂತ ಏನು ಗುರಿ ಬರೆದಿದ್ದೀರಿ, ಅದನ್ನು ಮಗುವಿನ ಹತ್ತಿರ ಕೇಳಿದ್ದೀರಾ? ತಡವರಿಸಿದರೆ ಜಗಳ ಬೇಡ. ಅದು ಆಟ ಅಂತ ತಿಳಿದು, ಆಟದ ದುಡ್ಡು ಮಾತ್ರ ಕೊಡಿ.