ಬೋರ್ಡ್ ಒಂದು ಕಡೆ, ಒಕ್ಕಲುತನ ಇನ್ನೊಂದು ಕಡೆ

ನಮಸ್ಕಾರ. ವಿಜಯಪುರದ ಬಿಸಿಲಿನಲ್ಲಿ ಆಫೀಸ್ ಸಾಫ್ಟ್‌ವೇರ್ ಬಗ್ಗೆ ಕೇಳೋಕೆ ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. ಫ್ಯಾನ್ ಕೆಳಗೆ ಕೂತವರು ಏಳಬೇಡಿ, ಜಾಗ ಹೋಗುತ್ತದೆ.

"ಓಪನ್ ಆಫೀಸ್ ಹಾಕ್ಕೊಂಡಿದ್ದೀನಿ ಸರ್, ವರ್ಡ್‌ನ ಡಾಕ್ಸ್ ಫೈಲ್ ತೆರೆಯುತ್ತದೆ, ಆದರೆ ಡಾಕ್ಸ್ ಆಗಿಯೇ ಸೇವ್ ಆಗಲ್ಲ, ಯಾಕೆ?" ಡಿಟಿಪಿ ಅಂಗಡಿಯವರು ನನಗೆ ಕೇಳುತ್ತಲೇ ಇರುವ ಪ್ರಶ್ನೆ ಇದು. ಉತ್ತರಕ್ಕೆ ಮನೆ ಪಾಲಾದ ಕಥೆಯಿಂದ ಶುರು ಮಾಡಬೇಕು.

ಜರ್ಮನಿಯ ಸ್ಟಾರ್ ಡಿವಿಷನ್ ಮಾಡಿದ್ದ ಸ್ಟಾರ್ ಆಫೀಸನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡಿತು. 2000ದಲ್ಲಿ ಅದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂನ ಮೂಲ ಬರಹವನ್ನು, ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ಓಪನ್ ಆಫೀಸ್. 2010ರ ಜನವರಿಯಲ್ಲಿ ಸನ್ ಒರಾಕಲ್ ಕೈಗೆ ಹೋಯಿತು. ಹೊಸ ಯಜಮಾನರ ಮೇಲೆ ಭರವಸೆ ಸಾಲದೆ, ದುಡಿಯುತ್ತಿದ್ದವರಲ್ಲಿ ಬಹಳ ಜನ ಅದೇ ಸೆಪ್ಟೆಂಬರ್‌ನಲ್ಲಿ ಬೇರೆ ಒಲೆ ಹೂಡಿದರು. ಆ ಮನೆ ಡಾಕ್ಯುಮೆಂಟ್ ಫೌಂಡೇಶನ್, ಅಡುಗೆ ಲಿಬ್ರೆ ಆಫೀಸ್. ಹಳೇ ಹೆಸರನ್ನೇ ಕೊಡಿ ಅಂತ ಕೇಳಿದ್ದರು, ಸಿಗಲಿಲ್ಲ. 2011ರಲ್ಲಿ ಒರಾಕಲ್ ಆ ಹೆಸರನ್ನು, ಇಂಥ ಮುಕ್ತ ಸಾಫ್ಟ್‌ವೇರ್ ನೋಡಿಕೊಳ್ಳುವ ಅಪಾಚೆ ಫೌಂಡೇಶನ್‌ಗೆ ಕೊಟ್ಟಿತು.

ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದರೆ ಡೋಣಿ ಹೊಳೆ ದಂಡೆಯ ಹತ್ತು ಎಕರೆ ಎರೆಹೊಲ ಐದೈದು ಆಗುತ್ತದೆ, ಬದುವಿನ ಜಗಳ ಬೇರೆ. ಇಲ್ಲಿ ಹಂಗಲ್ಲ. ಇಬ್ಬರಿಗೂ ಹತ್ತೂ ಎಕರೆ, ಅಂದರೆ ಪೂರ್ತಿ ಕೋಡ್, ಸಿಕ್ಕಿತು, ಹೆಸರಿನ ಬೋರ್ಡ್ ಮಾತ್ರ ಒಬ್ಬರಿಗೆ. ಮಜಾ ಇರೋದು ಲೈಸೆನ್ಸ್‌ನಲ್ಲಿ, ಅಂದರೆ ಕೋಡ್ ಬಳಸುವ ಷರತ್ತಿನಲ್ಲಿ. ಅಪಾಚೆಯವರು ಬರೆದ ಕೋಡ್ ಲಿಬ್ರೆಯವರು ತಗೊಳ್ಳಬಹುದು, ಲಿಬ್ರೆಯವರದನ್ನು ಅಪಾಚೆಯವರು ತಮ್ಮದೇ ನಿಯಮದಿಂದಾಗಿ ಒಳಗೆ ಬಿಟ್ಟುಕೊಳ್ಳುವ ಹಾಗಿಲ್ಲ. ಕಾಲುವೆ ನೀರು ಒಂದೇ ಕಡೆಗೆ ಹರಿಯಿತು. ಅಪಾಚೆಯ ಓಪನ್ ಆಫೀಸ್ 4.1 ಬಂದದ್ದು 2014ರಲ್ಲಿ. ಆಮೇಲೆ ಬಂದದ್ದೆಲ್ಲ ಅದರ ತೇಪೆಗಳೇ. ಲಿಬ್ರೆ ವರ್ಷಕ್ಕೆ ಎರಡು ಸಲ ಹೊಸದಾಗಿ ಬರುತ್ತದೆ. 24.8 ಅಂದರೆ 2024ರ ಆಗಸ್ಟ್‌ನದು, ತಿಥಿ ನೋಡಿದ ಹಾಗೆ ನೋಡಿಕೊಳ್ಳಬಹುದು. ಡಾಕ್ಸ್ ಸೇವ್ ಆಗೋದು ಇದರಲ್ಲಿ. ಅಂಗಡಿಯವರಿಗೆ ಉತ್ತರ ಸಿಕ್ಕಿತಲ್ವಾ? ಹೆಸರು ಕೇಳಿದ್ದನ್ನು ಹಾಕಿಕೊಂಡಿದ್ದರು, ಅಷ್ಟೇ.

ಮ್ಯಾಕ್‌ಗೆಂದೇ ನಿಯೋ ಆಫೀಸ್ ಅಂತ ಒಂದು ಕವಲು ಇತ್ತು. ಬ್ರೌಸರ್‌ನಲ್ಲೇ ನಡೆಯುವ ಕೊಲಾಬೊರಾ ಲಿಬ್ರೆಯ ಮೇಲೆಯೇ ನಿಂತಿದೆ. ಅವುಗಳ ಮಾತು ಇವತ್ತಿಗೆ ಇಷ್ಟು ಸಾಕು.

ಕನ್ನಡದ ಮಾತಿಗೆ ಬರೋಣ, ಜಾಸ್ತಿ ತಲೆನೋವು ಇಲ್ಲೇ. ಒಂದು ಸಲ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಲಗ್ನಪತ್ರಿಕೆಯನ್ನು ಒಂದು ಅಂಗಡಿಗೆ ತಗೊಂಡು ಹೋದೆ. ಅವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲಿಲ್ಲ. ಮದುಮಗಳ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಇನ್ನೂ ಏನೇನೋ! ಲಿಬ್ರೆಯದೇ ತಪ್ಪು ಅಂತ ಅವರು ಸುಮ್ನೆ ಬೈದರು. ಫೈಲ್ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಇರಲಿಲ್ಲ, ವರ್ಡ್‌ನಲ್ಲೂ ಹಂಗೇ ಕಾಣುತ್ತಿತ್ತು. ಹಳೇ ಫೈಲ್‌ಗಳನ್ನು ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಆಮೇಲೆ ಲಿಬ್ರೆಯ ಸೆಟ್ಟಿಂಗ್ಸ್‌ನ ಭಾಷೆಯ ಭಾಗಕ್ಕೆ ಹೋಗಿ, ಕನ್ನಡದಂಥ ಲಿಪಿಗಳಿಗೆಂದೇ ಇರುವ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿ, ಕನ್ನಡ ಆರಿಸಿ. ಇಂಗ್ಲಿಷಿಗೊಂದು, ಕನ್ನಡಕ್ಕೊಂದು ಫಾಂಟ್ ಬೇರೆ ಬೇರೆ ಇಡಬಹುದು. ಮೊದಲು ಕಿರಿಕಿರಿ ಅನ್ನಿಸುತ್ತದೆ, ಎರಡೂ ಭಾಷೆ ಬೆರೆತ ಪ್ರಶ್ನೆಪತ್ರಿಕೆ ಮಾಡುವ ಮಾಸ್ತರರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಇನ್‌ಸ್ಟಾಲ್ ಮಾಡದೇ ಓಡುವ ಲಿಬ್ರೆಯ ಪೋರ್ಟಬಲ್ ಆವೃತ್ತಿ ಈ ಪೆನ್‌ಡ್ರೈವ್‌ನಲ್ಲಿದೆ. ಚಹಾ ಬರೋದರೊಳಗೆ ನಾಲ್ಕೈದು ಲ್ಯಾಪ್‌ಟಾಪ್‌ಗೆ ಹಾಕಿಬಿಡೋಣ. ಕನ್ನಡ ಫೈಲ್ ತಂದವರು ಮುಂದೆ ಬನ್ನಿ.